ಡೇರಿ ಸಾಲಿನಲ್ಲಿ ನಿಂತುಹೋದ ಪ್ರೋಗ್ರಾಮ್: ಅಸರ್ಟ್ ಇಡಬೇಕಾ, ತೆಗೆಯಬೇಕಾ?

ಪ್ರಶ್ನೆ: ಮೇಡಂ, ನಮಸ್ಕಾರ. ಎರಡು ವರ್ಷದಿಂದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಹಳ್ಳಿ ಡೇರಿಗಳಲ್ಲಿ ಹಾಲು ಅಳೆದು, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ, ರೈತರ ಬಟವಾಡೆ ಲೆಕ್ಕ ಹಾಕುವ ಪ್ರೋಗ್ರಾಮ್ ನಮ್ಮದು. ಪೈಥಾನ್‌ನಲ್ಲಿ ಬರೆದಿದ್ದೇವೆ. ಅಸರ್ಟ್, ಅಂದರೆ ಒಂದು ಷರತ್ತು ನಿಜವಾ ಎಂದು ನೋಡಿ ಸುಳ್ಳಾದರೆ ಪ್ರೋಗ್ರಾಮನ್ನು ಅಲ್ಲೇ ನಿಲ್ಲಿಸುವ ಸಾಲು, ಬಳಸುವುದು ಒಳ್ಳೆಯ ಅಭ್ಯಾಸ ಎಂದು ಕಾಲೇಜಿನಲ್ಲಿ ಹೇಳಿದ್ದರು. ಹಾಗಾಗಿ ತೋಚಿದ ಕಡೆಯಲ್ಲೆಲ್ಲ ಹಾಕಿದ್ದೆ. ಹೋದ ತಿಂಗಳು ಒಂದು ಡೇರಿಯಲ್ಲಿ ಬೆಳಿಗ್ಗೆ ಆರೂಕಾಲಿಗೆ ಪ್ರೋಗ್ರಾಮ್ ನಿಂತುಹೋಯಿತು. ಹಾಲು ಪರೀಕ್ಷಿಸುವ ಯಂತ್ರದಿಂದ ಫ್ಯಾಟ್ ಸೊನ್ನೆ ಅಂತ ಬಂದಿದೆ. 'ಫ್ಯಾಟ್ ಸೊನ್ನೆಗಿಂತ ಜಾಸ್ತಿ ಇರಬೇಕು' ಎಂಬ ನನ್ನ ಅಸರ್ಟ್ ಅಲ್ಲೇ ಪ್ರೋಗ್ರಾಮ್ ನಿಲ್ಲಿಸಿದೆ. ಅರ್ಧ ಗಂಟೆ ಜನ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತಿದ್ದರು. 'ಅಸರ್ಟ್ ಎಲ್ಲ ಕಲಿಯುವವರಿಗೆ, ಲೈವ್‌ನಲ್ಲಿ ಇರಬಾರದು' ಎಂದ ನಮ್ಮ ಸೀನಿಯರ್, ಪೈಥಾನನ್ನು ಮೈನಸ್ ಓ ಎಂಬ ಸ್ವಿಚ್ ಹಾಕಿ, ಅಸರ್ಟ್‌ಗಳನ್ನೆಲ್ಲ ಬಿಟ್ಟು ಓಡಿಸಲು ಹೇಳಿದರು. ಹಾಗೆ ಮಾಡಿದ ಎರಡೇ ದಿನಕ್ಕೆ ಕೆಲವು ಎಂಟ್ರಿಗಳು ಸರ್ವರ್‌ನಲ್ಲಿ ಎರಡೆರಡು ಸಲ ಸೇರಿದವು. ಹುಡುಕಿದರೆ, ಕಳಿಸಿಯಾದ ಎಂಟ್ರಿಯನ್ನು ಬಾಕಿ ಪಟ್ಟಿಯಿಂದ ತೆಗೆಯುವ ಫಂಕ್ಷನನ್ನು ನಾನು ಅಸರ್ಟ್ ಒಳಗೇ ಕರೆದಿದ್ದೆ. ಆದರೆ ಇದೇ ಅಸರ್ಟ್‌ಗಳಲ್ಲಿ ಒಂದು ಆಫೀಸಿನಲ್ಲೇ ದೊಡ್ಡ ತಪ್ಪೊಂದನ್ನು ಹಿಡಿದುಕೊಟ್ಟಿತ್ತು. ಲೀಟರನ್ನು ಕೆಜಿ ಮಾಡಲು 1.03ರಿಂದ ಗುಣಿಸುವ ಕೆಲಸ ಎರಡು ಕಡೆ ಆಗುತ್ತಿತ್ತು. ಈಗ ನನಗೆ ಪೂರ್ತಿ ಗೊಂದಲ. ಅಸರ್ಟ್ ಬೇಕಾ, ಬೇಡವಾ? ಟೆಸ್ಟ್ ಬರೆಯುತ್ತೇವಲ್ಲ, ಅಷ್ಟು ಸಾಲದಾ?

ಉತ್ತರ: ನಿಮ್ಮ ಪತ್ರ ಓದಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಆ ಅರ್ಧ ಗಂಟೆ. ಕ್ಯಾನ್ ಹಿಡಿದು ನಿಂತವರ ಬಗ್ಗೆ ನಿಮಗೆ ಬೇಜಾರಾಗಿದೆ, 'ನಾನು ಹಾಕಿದ ಸಾಲಿನಿಂದಲೇ ಹೀಗಾಯಿತಲ್ಲ' ಅನ್ನಿಸಿದೆ. ಆ ಕಾಳಜಿ ನಿಮ್ಮಲ್ಲಿ ಇರಲಿ. ಆದರೆ ನೀವು ಹೇಳಿದ ಮೂರು ಘಟನೆಗಳೂ ಬೇರೆ ಬೇರೆ. ಮೊದಲನೆಯದರಲ್ಲಿ ಅಸರ್ಟ್ ಇರಬಾರದ ಜಾಗದಲ್ಲಿತ್ತು. ಎರಡನೆಯದರಲ್ಲಿ ಅದರೊಳಗೆ ಇರಬಾರದ ಕೆಲಸ ಇತ್ತು. ಮೂರನೆಯದರಲ್ಲಿ ಅದು ಮಾಡಬೇಕಾದ್ದನ್ನೇ ಮಾಡಿತು. ಮೂರನ್ನೂ ಒಂದೇ ಗಂಟು ಕಟ್ಟಿ 'ಬೇಕಾ ಬೇಡವಾ' ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಬಿಡಿಸಿ ನೋಡೋಣ.

ಅಸರ್ಟ್ ಅಂದರೆ ಪ್ರೋಗ್ರಾಮ್ ಬರೆಯುವವರು ಕೋಡಿನ ಒಂದು ಜಾಗದಲ್ಲಿ ನಿಂತು ಹೇಳುವ ಮಾತು: 'ಇಲ್ಲಿಗೆ ಬರುವ ಹೊತ್ತಿಗೆ ಇದು ಹೀಗೇ ಇರುತ್ತದೆ. ಇಲ್ಲದಿದ್ದರೆ ನಾನು ಬರೆದದ್ದರಲ್ಲೇ ತಪ್ಪಿದೆ.' ಆ ಎರಡನೆಯ ವಾಕ್ಯವೇ ಇಲ್ಲಿ ಮುಖ್ಯ. ಅಸರ್ಟ್ ಹೊರಗಿನ ಜಗತ್ತಿನ ಬಗ್ಗೆ ಏನೂ ಹೇಳುವುದಿಲ್ಲ. ನಿಮ್ಮ ಕೋಡಿನ ಬಗ್ಗೆ ನಿಮಗಿರುವ ನಂಬಿಕೆಯನ್ನು ಮಾತ್ರ ಹೇಳುತ್ತದೆ.

ಈ ಯೋಚನೆ ಕಂಪ್ಯೂಟರಿನಷ್ಟೇ ಹಳೆಯದು. 1949ರ ಜೂನ್‌ನಲ್ಲಿ ಕೇಂಬ್ರಿಡ್ಜ್‌ನಲ್ಲಿ ನಡೆದ ಒಂದು ಸಮ್ಮೇಳನದಲ್ಲಿ ಕಂಪ್ಯೂಟರ್ ವಿಜ್ಞಾನಕ್ಕೆ ಬುನಾದಿ ಹಾಕಿದ ಗಣಿತಜ್ಞ ಅಲನ್ ಟ್ಯೂರಿಂಗ್ ಇದರ ಬಗ್ಗೆಯೇ ಮಾತಾಡಿದ್ದರು. ದೊಡ್ಡ ಪ್ರೋಗ್ರಾಮ್ ಸರಿಯಿದೆಯಾ ಎಂದು ಬೇರೆಯವರು ನೋಡುವುದು ಹೇಗೆ ಎಂಬುದು ಅವರ ಪ್ರಶ್ನೆ. ಅವರು ಕೊಟ್ಟ ಉದಾಹರಣೆ ಕೂಡುವ ಲೆಕ್ಕದ್ದು. ಉದ್ದನೆಯ ಕೂಡುವ ಲೆಕ್ಕದಲ್ಲಿ ಬರೀ ಉತ್ತರ ಕೊಟ್ಟರೆ ಪೂರ್ತಿ ಲೆಕ್ಕವನ್ನು ಮತ್ತೆ ಮಾಡಿಯೇ ನೋಡಬೇಕು. ಪ್ರತಿ ಕಂಬದಿಂದ ಮುಂದಕ್ಕೆ ಒಯ್ದ ದಶಕವನ್ನೂ ಬರೆದಿಟ್ಟರೆ ಒಂದೊಂದು ಕಂಬವನ್ನು ಬೇರೆ ಬೇರೆಯಾಗಿ ತಾಳೆ ನೋಡಬಹುದು. ಹಾಗೆಯೇ ಪ್ರೋಗ್ರಾಮ್ ಬರೆದವರು ನಡುನಡುವೆ 'ಇಲ್ಲಿ ಇದು ನಿಜ' ಎಂದು ಖಚಿತವಾಗಿ ಬರೆದಿಡಲಿ, ನೋಡುವವರು ಒಂದೊಂದನ್ನೇ ಪರೀಕ್ಷಿಸಲಿ ಎಂದರು. ಶಾಲೆಯಲ್ಲಿ ಮೇಷ್ಟ್ರು ದಶಕವನ್ನು ಅಂಕಿಯ ತಲೆ ಮೇಲೆ ಸಣ್ಣದಾಗಿ ಬರೆಸುತ್ತಿದ್ದರಲ್ಲ, ಅದೇ. ಹಾಗಾಗಿ 'ಅಸರ್ಟ್ ಕಲಿಯುವವರಿಗೆ' ಎಂಬ ನಿಮ್ಮ ಸೀನಿಯರ್ ಮಾತನ್ನು ನಾನು ಒಪ್ಪುವುದಿಲ್ಲ. ಅವರಿಗೆ ಯಾಕೆ ಹಾಗನ್ನಿಸಿತು ಎಂಬುದು ಮಾತ್ರ ಅರ್ಥವಾಗುತ್ತದೆ. ಸಾಲು ನಿಂತದ್ದಕ್ಕೆ ಡೇರಿಯವರಿಗೆ ಉತ್ತರ ಕೊಡಬೇಕಾಗಿ ಬರುವುದು ಅವರಿಗೇ ಅಲ್ವಾ.

ಈಗ ಆ ಸೊನ್ನೆ ಫ್ಯಾಟ್. ಒಂದು ಅಸರ್ಟ್ ಹಾಕುವ ಮುಂಚೆ ನಾನು ಹೊಸಬರಿಗೆ ಒಂದೇ ಪ್ರಶ್ನೆ ಕೇಳಿಕೊಳ್ಳಲು ಹೇಳುತ್ತೇನೆ: ಇದು ಬಿದ್ದರೆ, ಅಂದರೆ ಷರತ್ತು ಸುಳ್ಳಾದರೆ, ಏನು ತಿದ್ದಬೇಕು, ಕೋಡಾ, ಕೇಬಲ್ಲಾ? ಯಂತ್ರದ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ತೊಳೆಯಲು ಹಾಕಿದ ನೀರಿನ ರೀಡಿಂಗ್ ಬಂದಿರಬಹುದು. ಕೇಬಲ್ ಸಡಿಲವಾಗಿರಬಹುದು. ಇವು ಯಾವುದೂ ನಿಮ್ಮ ಕೋಡಿನ ತಪ್ಪಲ್ಲ. ಎಷ್ಟೇ ಚೆನ್ನಾಗಿ ಬರೆದರೂ ಸೊನ್ನೆ ಬಂದೇ ಬರುತ್ತದೆ, ಇವತ್ತಲ್ಲ ನಾಳೆ. ಬರುತ್ತದೆ ಎಂದು ಗೊತ್ತಿರುವುದನ್ನು 'ಬರಲು ಸಾಧ್ಯವೇ ಇಲ್ಲ' ಎಂದು ಬರೆಯುವುದು ಅಸರ್ಟ್‌ನ ತಪ್ಪು ಬಳಕೆ. ಅಲ್ಲಿ ಬೇಕಾದದ್ದು ಸಾದಾ ಪರೀಕ್ಷೆ: ರೀಡಿಂಗ್ ಸರಿಯಿಲ್ಲದಿದ್ದರೆ ಪರದೆಯ ಮೇಲೆ 'ಸ್ಯಾಂಪಲ್ ಇನ್ನೊಮ್ಮೆ ಹಾಕಿ' ಎಂದು ತೋರಿಸಿ, ಎರಡು ಮೂರು ಸಲ ಆದರೂ ಬರದಿದ್ದರೆ ಕಾರ್ಯದರ್ಶಿ ಕೈಯಲ್ಲಿ ಬರೆಯಲು ದಾರಿ ಕೊಡಿ. ಹಾಗೆ ಕೈಯಲ್ಲಿ ಬರೆದದ್ದಕ್ಕೆ ಒಂದು ಗುರುತು ಇರಲಿ. ಸಾಲು ನಿಲ್ಲುವುದಿಲ್ಲ.

ಯಂತ್ರ, ಕೀಬೋರ್ಡ್, ಫೈಲ್, ನೆಟ್‌ವರ್ಕ್, ಬೇರೆ ಕಂಪನಿಯ ಸರ್ವರ್ ಎಲ್ಲವೂ ಹೊರಗಿನವು. ಅಲ್ಲಿಂದ ಬಂದದ್ದನ್ನು ಬಾಗಿಲಲ್ಲೇ ತಡೆದು ಪರೀಕ್ಷಿಸಿ. ಆ ಪರೀಕ್ಷೆ ಯಾವಾಗಲೂ ಓಡಬೇಕು, ಯಾವ ಸ್ವಿಚ್ ಹಾಕಿದರೂ ಮಾಯವಾಗಬಾರದು.

ಇಲ್ಲೊಂದು ಸೂಕ್ಷ್ಮ ಇದೆ. ನಿಮ್ಮದೇ ಆ ಸಾಲು, 'ಫ್ಯಾಟ್ ಸೊನ್ನೆಗಿಂತ ಜಾಸ್ತಿ', ಬಾಗಿಲಲ್ಲಿ ತಪ್ಪು, ಆದರೆ ಒಳಮನೆಯಲ್ಲಿ ಸರಿ. ಬಾಗಿಲಲ್ಲಿ ಪರೀಕ್ಷೆ ಹಾಕಿಯಾದ ಮೇಲೆ ದರ ಲೆಕ್ಕ ಹಾಕುವ ಫಂಕ್ಷನ್ ಒಳಗೆ ಅದೇ ಅಸರ್ಟ್ ಇರಲಿ. ಈಗ ಅಲ್ಲಿಗೆ ಸೊನ್ನೆ ಬಂತು ಅಂದರೆ ಯಂತ್ರದ ತಪ್ಪಲ್ಲ, ಬಾಗಿಲು ಕಾಯುವ ನಿಮ್ಮ ಕೋಡಿನದೇ ತಪ್ಪು. ಅಥವಾ ಯಾರೋ ಬಾಗಿಲು ಬಿಟ್ಟು ಹಿತ್ತಲಿನಿಂದ ಒಳಗೆ ಬಂದಿದ್ದಾರೆ. ಕೈಯಲ್ಲಿ ಬರೆಯುವ ಪರದೆಯನ್ನು ಆಮೇಲೆ ಸೇರಿಸಿದವರು ಪರೀಕ್ಷೆ ಹಾಕಲು ಮರೆತಿರಬಹುದು. ಅದನ್ನು ಹೇಳಿಕೊಡಲು ಅಸರ್ಟ್‌ಗಿಂತ ಒಳ್ಳೆಯ ಕಾವಲು ಇಲ್ಲ.

ಮೂರನೆಯ ಘಟನೆಗೆ ಬರುತ್ತೇನೆ, ಯಾಕೆಂದರೆ ನನಗೆ ತುಂಬಾ ಹಿಡಿಸಿದ್ದು ಅದು. ಹಾಲಿನ ಸಾಂದ್ರತೆ ಲೀಟರಿಗೆ ಸುಮಾರು 1.03 ಕೆಜಿ. ಎರಡು ಸಲ ಗುಣಿಸಿದರೆ 1.0609. ಸಾವಿರ ಲೀಟರಿಗೆ 1030 ಕೆಜಿ ಬರಬೇಕಾದದ್ದು ಸುಮಾರು 1061 ಆಗುತ್ತದೆ. ಮೂರು ಪರ್ಸೆಂಟ್ ವ್ಯತ್ಯಾಸ. ಒಬ್ಬ ರೈತರ ಐದು ಲೀಟರಿನ ಚೀಟಿಯಲ್ಲಿ ಇದು ಕಣ್ಣಿಗೇ ಬೀಳುವುದಿಲ್ಲ. ಪ್ರೋಗ್ರಾಮ್ ನಿಲ್ಲುವುದಿಲ್ಲ, ಕೆಂಪು ಅಕ್ಷರ ಬರುವುದಿಲ್ಲ, ಯಾರೂ ಫೋನ್ ಮಾಡುವುದಿಲ್ಲ. ತಿಂಗಳ ಕೊನೆಗೆ ಸಂಘದ ಲೆಕ್ಕ ತಾಳೆಯಾಗದಿದ್ದಾಗ ಮೊದಲು ಅನುಮಾನ ಬೀಳುವುದು ಕಾರ್ಯದರ್ಶಿಯ ಮೇಲೆ, ಆಮೇಲೆ ತೂಕದ ಯಂತ್ರದ ಮೇಲೆ, ಕೊನೆಗೆ ನಿಮ್ಮ ಕೋಡಿನ ಮೇಲೆ. ಅಷ್ಟರಲ್ಲಿ ಎಷ್ಟು ಬಟವಾಡೆ ಆಗಿರುತ್ತದೋ. ಒಂದು ಸಾಲಿನ ಅಸರ್ಟ್ ಅದನ್ನು ನಿಮ್ಮ ಮೇಜಿನ ಮೇಲೆಯೇ ಹಿಡಿಯಿತು.

ತಪ್ಪು ಹುಟ್ಟುವ ಜಾಗಕ್ಕೂ ತಪ್ಪು ಕಾಣುವ ಜಾಗಕ್ಕೂ ನಡುವೆ ದೂರ ಜಾಸ್ತಿ ಆದಷ್ಟೂ ಹುಡುಕುವ ಕಷ್ಟ ಜಾಸ್ತಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಡೆ ಫೋನ್ ಬಿಲ್ ಲೆಕ್ಕದ ಸಿ ಪ್ರೋಗ್ರಾಮ್ ನೋಡಿಕೊಳ್ಳುತ್ತಿದ್ದೆ. ದರಪಟ್ಟಿಯಲ್ಲಿ ಬೇಕಾದ ಸಾಲನ್ನು ಬೈನರಿ ಸರ್ಚ್‌ನಿಂದ, ಅಂದರೆ ಪಟ್ಟಿಯನ್ನು ಪ್ರತಿ ಸಲ ಅರ್ಧ ಮಾಡುತ್ತಾ, ಹುಡುಕುತ್ತಿದ್ದೆವು. ಪಟ್ಟಿ ಕ್ರಮವಾಗಿ ಜೋಡಿಸಿದ್ದರೆ ಮಾತ್ರ ಬೈನರಿ ಸರ್ಚ್ ಸರಿಯಾಗಿ ಕೆಲಸ ಮಾಡುತ್ತದೆ. ಆಮೇಲೆ ಬರೆದ ಇನ್ನೊಂದು ಭಾಗ, ಪ್ರೋಗ್ರಾಮ್ ಓಡುತ್ತಿರುವಾಗಲೇ ಹೊಸ ದರವನ್ನು ಪಟ್ಟಿಯ ಕೊನೆಗೆ ಸೇರಿಸುತ್ತಿತ್ತು, ಮತ್ತೆ ಜೋಡಿಸುತ್ತಿರಲಿಲ್ಲ. ಕೆಲವೇ ಗಿರಾಕಿಗಳಿಗೆ, ಕೆಲವೇ ಕರೆಗಳಿಗೆ ತಪ್ಪು ದರ ಬಿತ್ತು. ದೂರು ಬಂದದ್ದು ಬಿಲ್ ಮನೆಗೆ ಹೋದ ಮೇಲೆ. ಹನ್ನೊಂದು ದಿನ ಹುಡುಕಿದೆವು. 'ಈ ಪಟ್ಟಿ ಕ್ರಮದಲ್ಲಿದೆ' ಎಂದು ಸರ್ಚ್ ಫಂಕ್ಷನ್‌ನ ಬಾಯಲ್ಲಿ ಒಂದು ಅಸರ್ಟ್ ಇದ್ದಿದ್ದರೆ, ಆ ಹೊಸ ಭಾಗ ಬರೆದವರು ಮೊದಲ ಸಲ ಓಡಿಸಿದಾಗಲೇ ಗೊತ್ತಾಗುತ್ತಿತ್ತು. ಆ ನಂಬಿಕೆ ನಮ್ಮೆಲ್ಲರ ತಲೆಯಲ್ಲಿತ್ತು. ಕೋಡಿನಲ್ಲಿ ಇರಲಿಲ್ಲ.

ತಲೆಯಲ್ಲಿದ್ದು ಕೋಡಿನಲ್ಲಿ ಇಲ್ಲದ ನಂಬಿಕೆ ಏನು ಮಾಡಬಲ್ಲದು ಎಂಬುದಕ್ಕೆ ಏರಿಯಾನ್ 5 ರಾಕೆಟ್ಟಿನ ಮೊದಲ ಹಾರಾಟ ನೋಡಿ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂನಿಂದ ಹೊರಟ ಆ ರಾಕೆಟ್ 40 ಸೆಕೆಂಡೂ ತುಂಬುವ ಮುಂಚೆ ದಾರಿ ತಪ್ಪಿ ನಾಶವಾಯಿತು. ದಿಕ್ಕು ಮತ್ತು ಚಲನೆ ಅಳೆಯುವ ಘಟಕದ ಸಾಫ್ಟ್‌ವೇರ್ ಹಳೆಯ ಏರಿಯಾನ್ 4ರಿಂದ ಬಂದಿತ್ತು. ಅದರಲ್ಲಿ ಅಡ್ಡ ವೇಗಕ್ಕೆ ಸಂಬಂಧಿಸಿದ ಒಂದು 64 ಬಿಟ್ ದಶಾಂಶ ಸಂಖ್ಯೆಯನ್ನು 16 ಬಿಟ್ ಪೂರ್ಣಾಂಕಕ್ಕೆ ಬದಲಿಸುವ ಜಾಗವಿತ್ತು. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32767. ಏರಿಯಾನ್ 4ರ ಹಾರಾಟದಲ್ಲಿ ಸಂಖ್ಯೆ ಅಷ್ಟು ದೊಡ್ಡದಾಗಲು ಸಾಧ್ಯವಿರಲಿಲ್ಲ. ಅಂಥ ಏಳು ಜಾಗಗಳಲ್ಲಿ ನಾಲ್ಕಕ್ಕೆ ಕಾವಲು ಹಾಕಿ, ಪ್ರೊಸೆಸರ್ ಮೇಲೆ ಹೊರೆ ಜಾಸ್ತಿ ಆಗದಿರಲಿ ಎಂದು ಮೂರನ್ನು ಹಾಗೇ ಬಿಟ್ಟಿದ್ದರು. ಏರಿಯಾನ್ 5 ಬೇರೆ ದಾರಿಯಲ್ಲಿ ಹಾರುತ್ತದೆ, ಅದರ ಅಡ್ಡ ವೇಗ ಬೇಗ ಏರುತ್ತದೆ. 'ಇದು 32767 ದಾಟುವುದಿಲ್ಲ' ಎಂಬ ನಂಬಿಕೆ ಕೋಡಿನಲ್ಲೇ ಬರೆದಿದ್ದು, ಹೊಸ ರಾಕೆಟ್ಟಿನ ದಾರಿಯ ಅಂಕಿಗಳನ್ನು ಕೊಟ್ಟು ನೆಲದ ಮೇಲೆ ಒಮ್ಮೆ ಓಡಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಆ ಕಥೆಯ ಇನ್ನರ್ಧವೂ ನಿಮಗೆ ಬೇಕು. ಸಂಖ್ಯೆ ಮಿತಿ ಮೀರಿದ್ದು ಗೊತ್ತಾದಾಗ ಆ ಘಟಕ ಮಾಡಿದ್ದು ತನ್ನನ್ನೇ ಮುಚ್ಚಿಕೊಂಡದ್ದು. ಯಂತ್ರ ಕೆಟ್ಟರೆ ಮುಚ್ಚಿಕೊಳ್ಳಲಿ, ಜೊತೆಗಿರುವ ಇನ್ನೊಂದು ಘಟಕ ನೋಡಿಕೊಳ್ಳುತ್ತದೆ ಎಂಬ ಯೋಚನೆ. ಆದರೆ ಇನ್ನೊಂದರಲ್ಲೂ ಅದೇ ಕೋಡ್ ಇತ್ತು, ಅದೂ ಮುಚ್ಚಿಕೊಂಡಿತ್ತು. ಅದು ಕೊನೆಗೆ ಕಳಿಸಿದ ದೋಷದ ವಿವರವನ್ನೇ ಮುಖ್ಯ ಕಂಪ್ಯೂಟರ್ ಹಾರಾಟದ ಅಂಕಿ ಎಂದು ತಿಳಿದು ರಾಕೆಟ್ಟನ್ನು ತಿರುಗಿಸಿತು. ಅಷ್ಟೇ ಅಲ್ಲ, ಆ ಲೆಕ್ಕ ಏರಿಯಾನ್ 5ಕ್ಕೆ ನೆಲ ಬಿಟ್ಟ ಮೇಲೆ ಬೇಕಾಗಿಯೇ ಇರಲಿಲ್ಲ. ತಪ್ಪು ಹಿಡಿಯುವುದು ಒಂದು ಕೆಲಸ, ಹಿಡಿದ ಮೇಲೆ ಏನು ಮಾಡುವುದು ಎಂಬುದು ಇನ್ನೊಂದು. ನಿಮ್ಮ ಡೇರಿಯಲ್ಲಿ ಎರಡನೆಯದನ್ನು ಯಾರೂ ಯೋಚಿಸಿರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಎರಡನೆಯ ಘಟನೆ. ಪೈಥಾನ್‌ಗೆ ಮೈನಸ್ ಓ ಕೊಟ್ಟರೆ ಅಸರ್ಟ್ ಸಾಲುಗಳು ಪೂರ್ತಿ ಬಿಟ್ಟುಹೋಗುತ್ತವೆ, ಅವುಗಳ ಒಳಗೆ ಏನೇ ಇರಲಿ. ಸಿ ಭಾಷೆಯಲ್ಲಿ ಎನ್‌ಡಿಬಗ್ ಎಂಬ ಹೆಸರನ್ನು ಡಿಫೈನ್ ಮಾಡಿದರೆ ಇದೇ ಆಗುತ್ತದೆ. ಸಿ ಪ್ರೋಗ್ರಾಮ್ ಕಟ್ಟಲು ಬಳಸುವ ಸಿಮೇಕ್ ಎಂಬ ಸಲಕರಣೆಯ ರಿಲೀಸ್ ಬಿಲ್ಡ್ (ಬಿಡುಗಡೆಯ ಆವೃತ್ತಿ) ಸಾಮಾನ್ಯವಾಗಿ ಕೇಳದೆಯೇ ಅದನ್ನು ಹಾಕಿರುತ್ತದೆ. ಜಾವಾದಲ್ಲಿ ಉಲ್ಟಾ: ಓಡಿಸುವಾಗ ನೀವಾಗಿ ಕೇಳದಿದ್ದರೆ ಅಸರ್ಟ್ ಓಡುವುದೇ ಇಲ್ಲ. ರಸ್ಟ್‌ನಲ್ಲಿ ಎರಡು ಬಗೆ ಇವೆ, ಸಾದಾ ಅಸರ್ಟ್ ಯಾವಾಗಲೂ ಇರುತ್ತದೆ, ಡಿಬಗ್ ಅಸರ್ಟ್ ಎಂಬುದು ರಿಲೀಸ್‌ನಲ್ಲಿ ಇರುವುದಿಲ್ಲ. ಹಾಗಾಗಿ ಅಸರ್ಟ್ ಒಳಗೆ ನೋಡುವ ಕೆಲಸ ಮಾತ್ರ ಇರಬೇಕು, ಮಾಡುವ ಕೆಲಸ ಇರಬಾರದು. ಅದನ್ನು ಅಳಿಸಿದರೂ ಪ್ರೋಗ್ರಾಮಿನ ನಡವಳಿಕೆ ಒಂದಿಷ್ಟೂ ಬದಲಾಗಬಾರದು. ಬಾಕಿ ಪಟ್ಟಿಯಿಂದ ತೆಗೆಯುವುದನ್ನು ಒಂದು ಸಾಲಿನಲ್ಲಿ ಮಾಡಿ, ಉತ್ತರವನ್ನು ಒಂದು ಹೆಸರಿನಲ್ಲಿ ಇಟ್ಟುಕೊಳ್ಳಿ. ಮುಂದಿನ ಸಾಲಿನಲ್ಲಿ ಆ ಹೆಸರನ್ನು ಅಸರ್ಟ್ ಮಾಡಿ.

ಇದೇ ಕಾರಣಕ್ಕೆ ಪಾಸ್‌ವರ್ಡ್, ಅನುಮತಿ, 'ಇವರಿಗೆ ದರ ಬದಲಿಸುವ ಅಧಿಕಾರ ಇದೆಯಾ' ಎಂಬಂಥ ಪರೀಕ್ಷೆಗಳನ್ನು ಅಸರ್ಟ್‌ನಲ್ಲಿ ಎಂದೂ ಬರೆಯಬೇಡಿ. ಒಂದು ಸ್ವಿಚ್‌ಗೆ ಬಾಗಿಲೇ ಕಿತ್ತುಹೋಗುತ್ತದೆ. ನಿಮ್ಮ ಕೋಡಿನಲ್ಲಿ ಅಂಥದ್ದು ಇದೆಯಾ ಎಂದು ಇವತ್ತೇ ಹುಡುಕಿ.

ಪೈಥಾನ್‌ನಲ್ಲಿ ಇನ್ನೆರಡು ಹೊಂಡಗಳಿವೆ. ಷರತ್ತನ್ನೂ ಸಂದೇಶವನ್ನೂ ಸೇರಿಸಿ ಒಂದೇ ಬ್ರಾಕೆಟ್‌ನಲ್ಲಿ ಹಾಕಿದರೆ ಪೈಥಾನ್ ಅದನ್ನು ಟ್ಯೂಪಲ್ (ಹಲವು ಮೌಲ್ಯಗಳ ಒಂದು ಗುಂಪು) ಎಂದು ತಿಳಿಯುತ್ತದೆ. ಖಾಲಿಯಲ್ಲದ ಟ್ಯೂಪಲ್ ಯಾವಾಗಲೂ ನಿಜ. ಅಂದರೆ ಆ ಅಸರ್ಟ್ ಯಾವತ್ತೂ ಬೀಳುವುದಿಲ್ಲ, ಸುಮ್ನೆ ಕೂತಿರುತ್ತದೆ. ಪೈಥಾನ್ ಇದಕ್ಕೆ ಎಚ್ಚರಿಕೆ ಕೊಡುತ್ತದೆ, ಆದರೆ ಎಚ್ಚರಿಕೆ ಓದುವವರು ಬೇಕಲ್ಲ. ಇನ್ನೊಂದು, ಎಲ್ಲ ಎಕ್ಸೆಪ್ಷನ್‌ಗಳನ್ನೂ (ಓಡುವಾಗ ಏಳುವ ದೋಷಗಳನ್ನೂ) ಹಿಡಿದು ನುಂಗುವ ಟ್ರೈ ಬ್ಲಾಕ್. ಪೈಥಾನ್‌ನಲ್ಲಿ ಅಸರ್ಟ್ ಬಿದ್ದಾಗ ಏಳುವ ದೋಷವೂ ಎಕ್ಸೆಪ್ಷನ್ ಕುಟುಂಬಕ್ಕೇ ಸೇರಿದ್ದು. ಮೇಲೆ ಎಲ್ಲೋ 'ಏನೇ ಬಂದರೂ ಹಿಡಿ, ಮುಂದೆ ಹೋಗು' ಎಂದು ಬರೆದಿದ್ದರೆ ಅಸರ್ಟ್ ಕೂಗಿದ್ದು ಯಾರಿಗೂ ಕೇಳಿಸುವುದಿಲ್ಲ. 'ಟ್ರೈ ಎಕ್ಸೆಪ್ಟ್ ಇದೆಯಲ್ಲ, ಅಸರ್ಟ್ ಯಾಕೆ' ಎನ್ನುವವರ ಕೋಡಿನಲ್ಲಿ ನಾನು ಹೆಚ್ಚು ನೋಡಿರುವುದು ಇದನ್ನೇ.

ದುಡ್ಡಿನ ಲೆಕ್ಕ ಇರುವುದರಿಂದ ಇದನ್ನೂ ಹೇಳಬೇಕು. ಫ್ಲೋಟ್ ಸಂಖ್ಯೆಗಳಲ್ಲಿ (ಕಂಪ್ಯೂಟರ್ ದಶಾಂಶವನ್ನು ಅಂದಾಜಿನಲ್ಲಿ ಇಟ್ಟುಕೊಳ್ಳುವ ಬಗೆ) 0.1ಕ್ಕೆ 0.2 ಕೂಡಿದರೆ ಸರಿಯಾಗಿ 0.3 ಬರುವುದಿಲ್ಲ. 'ಎಲ್ಲ ರೈತರ ಮೊತ್ತ ಕೂಡಿದರೆ ಸಂಘದ ಮೊತ್ತಕ್ಕೆ ಸಮ' ಎಂಬ ಅಸರ್ಟ್ ಫ್ಲೋಟ್‌ನಲ್ಲಿ ಸುಳ್ಳುಸುಳ್ಳೇ ಬೀಳುತ್ತದೆ. ಅದು ಬಿತ್ತು ಎಂದು ಅಸರ್ಟ್ ಕೀಳಬೇಡಿ. ದುಡ್ಡನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಟ್ಟುಕೊಳ್ಳಿ, ಇಲ್ಲವೇ ದಶಾಂಶವನ್ನು ಇದ್ದ ಹಾಗೇ ಇಟ್ಟುಕೊಳ್ಳುವ ಪೈಥಾನ್‌ನ ಡೆಸಿಮಲ್ ಬಳಸಿ. ಆಮೇಲೆ ಆ ಅಸರ್ಟ್ ನಿಮ್ಮ ಪ್ರೋಗ್ರಾಮಿನಲ್ಲೇ ತುಂಬಾ ಬೆಲೆಬಾಳುವ ಸಾಲಾಗುತ್ತದೆ.

ಟೆಸ್ಟ್ ಸಾಲದಾ ಎಂದು ಕೇಳಿದ್ದೀರಿ. ಟೆಸ್ಟ್ ಬೇಕೇ ಬೇಕು, ಅದರ ಬದಲಿಗೆ ಅಸರ್ಟ್ ಅಲ್ಲ. ಆದರೆ ಟೆಸ್ಟ್ ಹೊರಗೆ ನಿಂತು ನೋಡುತ್ತದೆ: ನೀವು ಯೋಚಿಸಿದ ಅಂಕಿ ಕೊಟ್ಟು, ಬಂದ ಉತ್ತರ ನೋಡುತ್ತದೆ. ಅಸರ್ಟ್ ಒಳಗೆ ಕೂತು ನೋಡುತ್ತದೆ, ನೀವು ಯೋಚಿಸದ ಅಂಕಿ ಬಂದಾಗಲೂ. ಒಂದು ಉದಾಹರಣೆ. ನಿಮ್ಮ ದರದ ಫಂಕ್ಷನ್‌ನಲ್ಲಿ 'ಹಸುವಾದರೆ ಹೀಗೆ, ಇಲ್ಲದಿದ್ದರೆ ಎಮ್ಮೆ' ಎಂದು ಇರಬಹುದು. ಎರಡಕ್ಕೂ ಟೆಸ್ಟ್ ಇದೆ, ಎರಡೂ ಪಾಸ್. ಆರು ತಿಂಗಳ ಮೇಲೆ ಯಾರೋ ಪರದೆಯಲ್ಲಿ 'ಮಿಶ್ರ' ಎಂಬ ಮೂರನೆಯ ಆಯ್ಕೆ ಸೇರಿಸುತ್ತಾರೆ. ಮಿಶ್ರ ಹಾಲಿಗೆಲ್ಲ ಎಮ್ಮೆ ಹಾಲಿನ ದರ ಬೀಳುತ್ತದೆ. ಅದಕ್ಕೆ 'ಹಸುವಾದರೆ, ಎಮ್ಮೆಯಾದರೆ' ಎಂದು ಎರಡನ್ನೂ ಹೆಸರಿಟ್ಟು ಬರೆದು, ಕೊನೆಯಲ್ಲಿ 'ಇಲ್ಲಿಗೆ ಬರುವಂತೆಯೇ ಇಲ್ಲ' ಎಂಬ ಅಸರ್ಟ್ ಹಾಕಿ. ಟೆಸ್ಟ್ ಮತ್ತು ಅಸರ್ಟ್ ಜೊತೆಗಿದ್ದರೆ ಎರಡಕ್ಕೂ ಬಲ. ಕಂಪ್ಯೂಟರಿನಿಂದಲೇ ಸಾವಿರಾರು ಯಾದೃಚ್ಛಿಕ ಎಂಟ್ರಿ ಮಾಡಿಸಿ ರಾತ್ರಿಯಿಡೀ ಓಡಿಸಿ ನೋಡಿ. ಸರಿಯಾದ ಉತ್ತರ ಏನೆಂದು ನಿಮಗೆ ಮೊದಲೇ ಗೊತ್ತಿರಬೇಕಾಗಿಲ್ಲ. ಅಸರ್ಟ್‌ಗಳೇ ಕಾಯುತ್ತವೆ.

ಅಸರ್ಟ್‌ನಿಂದ ಪ್ರೋಗ್ರಾಮ್ ನಿಧಾನವಾಗುತ್ತದೆ ಎಂಬ ಮಾತು ಅರ್ಧ ನಿಜ. ನಿಮ್ಮ ಫೋನಿನಲ್ಲೂ ಇರುವ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಕೋಡಿನಲ್ಲಿ ಸಾವಿರಾರು ಅಸರ್ಟ್‌ಗಳಿವೆ. ಎಲ್ಲವನ್ನೂ ಚಾಲೂ ಮಾಡಿದರೆ ಅದು ಸುಮಾರು ಮೂರು ಪಟ್ಟು ನಿಧಾನ. ಅದಕ್ಕೇ ಅವರು ಪರೀಕ್ಷಿಸುವಾಗ ಇಟ್ಟುಕೊಂಡು, ಬಿಡುಗಡೆಯಲ್ಲಿ ತೆಗೆಯುತ್ತಾರೆ. ಆದರೆ ಅವರ ಪರೀಕ್ಷೆಯ ಶ್ರಮ ಎಷ್ಟು ದೊಡ್ಡದು ಎಂಬುದನ್ನೂ ನೋಡಬೇಕು. ಟೆಸ್ಟ್ ಕೋಡೇ ಮೂಲ ಕೋಡಿಗಿಂತ ನೂರಾರು ಪಟ್ಟು ದೊಡ್ಡದಿದೆ. ನಿಮ್ಮಲ್ಲಿ ಒಂದು ಸ್ಯಾಂಪಲ್ ನೋಡಲು ಯಂತ್ರಕ್ಕೇ ಅರ್ಧ ನಿಮಿಷವೋ ಒಂದು ನಿಮಿಷವೋ ಹಿಡಿಯುತ್ತದೆ. ಎರಡು ಸಂಖ್ಯೆ ಹೋಲಿಸುವ ಅಸರ್ಟ್‌ಗೆ ಒಂದು ಮೈಕ್ರೋಸೆಕೆಂಡೂ ಬೇಡ. ಪೂರ್ತಿ ಪಟ್ಟಿ ಕ್ರಮದಲ್ಲಿದೆಯಾ ಎಂದು ಪ್ರತಿ ಸಲ ನೋಡುವಂಥವು ಮಾತ್ರ ದುಬಾರಿ. ಅವನ್ನು ಬೇರೆ ಸ್ವಿಚ್‌ನ ಹಿಂದೆ ಇಡಿ.

ಈಗ ಲೈವ್‌ನಲ್ಲಿ ಏನು ಮಾಡುವುದು ಎಂಬ ಪ್ರಶ್ನೆ. ನಿಮ್ಮ ಸೀನಿಯರ್ ಮತ್ತು ನೀವು ಕೂತು ತೀರ್ಮಾನಿಸಬೇಕಾದ್ದು ಇದೇ. ಪೂರ್ತಿ ತೆಗೆಯುವುದು ಒಂದು ದಾರಿ. ಸಾಲು ನಿಲ್ಲುವುದಿಲ್ಲ, ಆದರೆ 1.03 ಎರಡು ಸಲ ಆದಂಥ ತಪ್ಪು ಬಂದರೆ ಸದ್ದಿಲ್ಲದೆ ದುಡ್ಡು ಹೋಗುತ್ತಲೇ ಇರುತ್ತದೆ. ಜೊತೆಗೆ ನೀವು ಆಫೀಸಿನಲ್ಲಿ ಪರೀಕ್ಷಿಸಿದ ಪ್ರೋಗ್ರಾಮ್ ಒಂದು, ಡೇರಿಯಲ್ಲಿ ಓಡುವುದು ಇನ್ನೊಂದು. ನಿಮ್ಮ ಎರಡೆರಡು ಎಂಟ್ರಿ ಹುಟ್ಟಿದ್ದು ಆ ವ್ಯತ್ಯಾಸದಲ್ಲೇ. ಎಲ್ಲವನ್ನೂ ಇಟ್ಟು, ಬಿದ್ದಾಗ ಪ್ರೋಗ್ರಾಮ್ ನಿಲ್ಲಿಸುವುದು ಇನ್ನೊಂದು ದಾರಿ. ತಪ್ಪು ಲೆಕ್ಕ ಹೊರಗೆ ಹೋಗುವುದಿಲ್ಲ, ಆದರೆ ಬೆಳಿಗ್ಗೆ ಆರೂಕಾಲಿಗೆ ಹಾಲು ಕಾಯುವುದಿಲ್ಲ.

ನಾನು ನಿಮ್ಮ ಜಾಗದಲ್ಲಿದ್ದರೆ ಅಸರ್ಟ್‌ಗಳನ್ನು ಇಟ್ಟುಕೊಂಡು, ಬಿದ್ದಾಗ ಎಷ್ಟು ನಿಲ್ಲಬೇಕು ಎಂಬುದನ್ನು ಮೊದಲೇ ಗೆರೆ ಹಾಕಿಡುತ್ತೇನೆ. ಹಾಲು ತೆಗೆದುಕೊಳ್ಳುವಾಗ ಆ ಗೆರೆ ಒಬ್ಬ ರೈತರ ಒಂದು ಎಂಟ್ರಿ. ತೂಕ ಮತ್ತು ರೀಡಿಂಗ್ ಬಂದ ಕೂಡಲೇ, ಯಾವ ಲೆಕ್ಕಕ್ಕೂ ಮುಂಚೆ, ಇದ್ದದ್ದನ್ನು ಇದ್ದ ಹಾಗೆ ಡಿಸ್ಕ್‌ಗೆ ಬರೆಯಿರಿ. ಆಮೇಲೆ ಲೆಕ್ಕದಲ್ಲಿ ಅಸರ್ಟ್ ಬಿದ್ದರೆ ಆ ಒಂದು ಎಂಟ್ರಿಗೆ 'ಲೆಕ್ಕ ಬಾಕಿ' ಎಂಬ ಗುರುತು ಹಾಕಿ, ವಿವರವನ್ನು ಲಾಗ್‌ಗೆ ಬರೆದು, ಮುಂದಿನವರನ್ನು ಕರೆಯಲಿ. ಬಟವಾಡೆ ಲೆಕ್ಕ ಹಾಕುವಾಗ ಮಾತ್ರ ಉಲ್ಟಾ. ಅಲ್ಲಿ ಒಂದು ಅಸರ್ಟ್ ಬಿದ್ದರೂ ಪೂರ್ತಿ ನಿಲ್ಲಲಿ, ಬ್ಯಾಂಕಿಗೆ ಫೈಲ್ ಹೋಗದಿರಲಿ. ಹಾಲು ಕಾಯುವುದಿಲ್ಲ, ಆದರೆ ಬಟವಾಡೆ ಅರ್ಧ ದಿನ ತಡವಾದರೆ ನಡೆಯುತ್ತದೆ. ಹೋದ ದುಡ್ಡನ್ನು ರೈತರಿಂದ ವಾಪಸ್ ಕೇಳುವುದು ನಡೆಯುವ ಮಾತಲ್ಲ.

ಇದರಲ್ಲೂ ಅಪಾಯ ಇದೆ, ಮುಚ್ಚಿಡುವುದಿಲ್ಲ. ಅಸರ್ಟ್ ಬಿದ್ದಿದೆ ಅಂದರೆ ಪ್ರೋಗ್ರಾಮಿನ ಒಳಗೆ ಏನೋ ಕೆಟ್ಟಿದೆ, ಕೆಟ್ಟದ್ದರ ಮೇಲೆಯೇ ಮುಂದಿನ ಎಂಟ್ರಿ ನಡೆಯುತ್ತದೆ. ಅದಕ್ಕೆ ಒಂದು ಎಂಟ್ರಿಯಿಂದ ಇನ್ನೊಂದಕ್ಕೆ ಹಂಚಿಕೊಂಡ ವೇರಿಯಬಲ್‌ಗಳು ಆದಷ್ಟು ಕಡಿಮೆ ಇರಲಿ. ಒಂದೇ ಬೆಳಿಗ್ಗೆ ಮೂರು ಸಲ ಬಿದ್ದರೆ ಕಾರ್ಯದರ್ಶಿಗೂ ನಿಮಗೂ ಮೆಸೇಜ್ ಬರಲಿ. ಓದುವವರಿಲ್ಲದ ಲಾಗ್ ಇದ್ದೂ ಇಲ್ಲದ ಹಾಗೆ. ಲಿನಕ್ಸ್ ಕರ್ನಲ್ (ಆ ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬರೆಯುವವರೂ ಇದೇ ದಾರಿಗೆ ಬಂದಿದ್ದಾರೆ. ಅಲ್ಲಿ ಪೂರ್ತಿ ಯಂತ್ರವನ್ನೇ ನಿಲ್ಲಿಸುವ ಬಗ್ ಆನ್ ಎಂಬುದನ್ನು ಹೊಸ ಕೋಡಿನಲ್ಲಿ ಬಳಸಬೇಡಿ, ಎಚ್ಚರಿಕೆ ಬರೆದು ಸಾಧ್ಯವಾದಷ್ಟು ಸಂಭಾಳಿಸುವ ವಾರ್ನ್ ಆನ್ ಬಳಸಿ ಎಂಬುದು ನಿಯಮ. ನಾಸಾದ ಜೆಪಿಎಲ್ ಪ್ರಯೋಗಾಲಯದಲ್ಲಿ ಜೆರಾರ್ಡ್ ಹೋಲ್ಜ್‌ಮನ್, ತಪ್ಪಿದರೆ ಅಪಾಯವಾಗುವಂಥ ಕೋಡ್ ಬರೆಯುವವರಿಗಾಗಿ 2006ರಲ್ಲಿ ಬರೆದ ಹತ್ತು ನಿಯಮಗಳಲ್ಲಿ ಒಂದು ಇದರದ್ದೇ. ಪ್ರತಿ ಫಂಕ್ಷನ್‌ಗೆ ಸರಾಸರಿ ಕನಿಷ್ಠ ಎರಡು ಅಸರ್ಟ್ ಇರಬೇಕು, ಅವುಗಳಿಂದ ಬೇರೆ ಯಾವ ಪರಿಣಾಮವೂ ಆಗಬಾರದು, ಬಿದ್ದಾಗ ಏನು ಮಾಡಬೇಕು ಎಂಬುದೂ ಬರೆದಿರಬೇಕು. ಎರಡು ಎಂಬ ಸಂಖ್ಯೆಯನ್ನು ನೀವು ಗಟ್ಟಿಯಾಗಿ ಹಿಡಿಯಬೇಕಾಗಿಲ್ಲ. ಮೂರನೆಯ ಮಾತನ್ನು ಹಿಡಿಯಿರಿ.

ಸೀನಿಯರ್ ಹತ್ತಿರ ಹೋಗುವಾಗ ವಾದ ಒಯ್ಯಬೇಡಿ, ಪಟ್ಟಿ ಒಯ್ಯಿರಿ. ನಿಮ್ಮ ಈಗಿನ ಅಸರ್ಟ್‌ಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ 'ಕೋಡ್' ಅಥವಾ 'ಕೇಬಲ್' ಎಂದು ಗುರುತು ಹಾಕಿ. ಕೇಬಲ್ ಎಂದು ಬಂದವನ್ನೆಲ್ಲ ಸಾದಾ ಪರೀಕ್ಷೆ ಮಾಡಿ ಬಾಗಿಲಿಗೆ ಒಯ್ಯಿರಿ. ಆಗ ಉಳಿದವುಗಳ ಬಗ್ಗೆ ಅವರಿಗಿರುವ ಭಯ ಬಹಳ ಕಡಿಮೆಯಾಗುತ್ತದೆ, ಯಾಕೆಂದರೆ ಬೆಳಗಿನ ಹೊತ್ತು ಬೀಳುವಂಥವು ಹೆಚ್ಚಾಗಿ ಆ ಕೇಬಲ್ ಗುಂಪಿನವೇ. ಉಳಿದವಕ್ಕೆ ಸಂದೇಶ ಸರಿಯಾಗಿ ಬರೆಯಿರಿ. ಬರೀ 'ತಪ್ಪು' ಎಂದರೆ ಯಾರಿಗೂ ಉಪಯೋಗವಿಲ್ಲ. 'ಕೆಜಿ ಮತ್ತು ಲೀಟರ್ ಅನುಪಾತ 1.02ರಿಂದ 1.04ರ ಒಳಗಿರಬೇಕಿತ್ತು, ಬಂದದ್ದು 1.0609' ಎಂದು ಇದ್ದರೆ ಓದಿದ ಕೂಡಲೇ ಎರಡು ಸಲ ಗುಣಿಸಿದ್ದು ಹೊಳೆಯುತ್ತದೆ. ವೇರಿಯಬಲ್ ಹೆಸರಿನಲ್ಲೂ 'ಹಾಲು' ಎಂದಷ್ಟೇ ಇಡದೆ 'ಹಾಲು ಲೀಟರ್', 'ಹಾಲು ಕೆಜಿ' ಎಂದು ಅಳತೆ ಸೇರಿಸಿ.

ಎಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸ ಇನ್ನೂ ಬಾಕಿ ಇದೆ. ಎರಡೆರಡು ಸಲ ಸೇರಿದ ಆ ಎಂಟ್ರಿಗಳು ಮುಂದಿನ ಬಟವಾಡೆಗೆ ಹೋಗದಂತೆ ಇವತ್ತೇ ತಡೆಯಿರಿ. ಅದೇ ರೈತರು, ಅದೇ ದಿನ, ಅದೇ ಹೊತ್ತು, ಅದೇ ತೂಕ, ಅದೇ ಫ್ಯಾಟ್ ಇರುವ ಜೋಡಿಗಳನ್ನು ತೆಗೆದು ಪಟ್ಟಿ ಮಾಡಿ. ಆದರೆ ನೀವಾಗಿ ಅಳಿಸಬೇಡಿ. ಒಂದೇ ಮನೆಯವರು ಒಂದೇ ಹೊತ್ತಿಗೆ ಎರಡು ಕ್ಯಾನ್ ತಂದಿರಲೂಬಹುದು. ಕಾರ್ಯದರ್ಶಿಗೆ ಪಟ್ಟಿ ಕೊಟ್ಟು, ಡೇರಿಯ ಪುಸ್ತಕದ ಜೊತೆ ಕೂತು ತಾಳೆ ನೋಡಿ, ಅವರು ಟಿಕ್ ಹಾಕಿದ ಮೇಲೆ ತೆಗೆಯಿರಿ.